ಫೋನಿನಲ್ಲಿ ಸಿಕ್ಕಿಬಿದ್ದ ಹಣ ಯಾರದ್ದು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಉಳಿತಾಯ, ಸಾಲ, ಮರುಪಾವತಿ ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಸಂತೆಯಲ್ಲಿ ಹಪ್ಪಳ ಉಪ್ಪಿನಕಾಯಿ ಮಾರುವವರು, ಹೊಲಿಗೆ ಮಾಡುವವರು, ಹೂ ಕಟ್ಟುವವರು, ನಮ್ಮಲ್ಲಿ ಬಹಳ ಜನ ಈಗ ಫೋನಿನ ಮೂಲಕವೇ ಹಣ ತೆಗೆದುಕೊಳ್ಳುತ್ತೇವೆ. ಹೀಗಿರುವಾಗ ಒಂದು ದಿನ 'ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ' ಎಂದು ಫೋನಿನಲ್ಲಿ ಬಂದರೆ? ಒಳಗೆ ಮೂರು ಸಾವಿರ ರೂಪಾಯಿ ಕಾಣುತ್ತದೆ, ಆದರೆ ತೆಗೆಯಲು ಬರುವುದಿಲ್ಲ. ನಾಳೆ ಸಂಘದ ಕಂತು ಕಟ್ಟಬೇಕು. ಆಗ ಏನು ಮಾಡೋದು?

ಮೊದಲನೆಯದಾಗಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳೋಣ. ಬೀಗ ಬಿದ್ದ ಮಾತ್ರಕ್ಕೆ ಹಣ ಕಂಪನಿಯದ್ದಾಗುವುದಿಲ್ಲ. ವಾಲೆಟ್ ನಡೆಸುವ ಕಂಪನಿಗಳು ಜನರ ಹಣವನ್ನು ಬ್ಯಾಂಕಿನಲ್ಲಿ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಂಪನಿ ಅದನ್ನು ತನ್ನ ಖರ್ಚಿಗೆ ಬಳಸುವಂತಿಲ್ಲ. ಹಾಗಾಗಿ ನಾವು ಕೇಳುವುದು ಭಿಕ್ಷೆಯಲ್ಲ, ನಮ್ಮ ದುಡಿಮೆಯ ಹಣ.

ಎರಡನೆಯದು, ಹಣ ಎಲ್ಲಿದೆ ಅಂತ ನೋಡಬೇಕು. ಯುಪಿಐ ಮೂಲಕ ಬರುವ ಹಣ ಸಾಮಾನ್ಯವಾಗಿ ನೇರವಾಗಿ ನಮ್ಮ ಬ್ಯಾಂಕ್ ಖಾತೆಗೆ ಹೋಗುತ್ತದೆ. ಫೋನ್‌ಪೇ, ಗೂಗಲ್ ಪೇ ಇವೆಲ್ಲ ಬಾಗಿಲು ಇದ್ದಂತೆ, ಪೆಟ್ಟಿಗೆ ಬ್ಯಾಂಕಿನಲ್ಲಿದೆ. ಆ್ಯಪ್ ನಿಂತುಹೋದರೂ ಬ್ಯಾಂಕ್ ಖಾತೆ ಸರಿ ಇದ್ದರೆ ಪಾಸ್‌ಬುಕ್ ಹಿಡಿದು ಹೋಗಿ ಹಣ ತೆಗೆಯಬಹುದು. ವಾಲೆಟ್ ಹಾಗಲ್ಲ. ಅದಕ್ಕೆ ತುಂಬಿಸಿದ ಹಣ ವಾಲೆಟ್‌ನಲ್ಲೇ ಇರುತ್ತದೆ.

ಮೂರನೆಯದು, ಬೀಗ ಹಾಕಿದವರು ಯಾರು? ಇದು ತಿಳಿಯದೆ ಓಡಾಡಿದರೆ ಚಪ್ಪಲಿ ಸವೆಯುತ್ತದೆಯೇ ಹೊರತು ಕೆಲಸ ಆಗೋದಿಲ್ಲ. ಸಾಮಾನ್ಯವಾಗಿ ಮೂರು ಬಗೆಯ ಬೀಗಗಳಿವೆ.

ಒಂದು, ಕೆವೈಸಿ ಬೀಗ. ಗುರುತಿನ ದಾಖಲೆ ಪೂರ್ತಿ ಆಗಿಲ್ಲ, ಅಥವಾ ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು. ಮದುವೆಯ ನಂತರ ಹೆಸರು ಬದಲಾದ ನಮ್ಮ ಹೆಣ್ಣುಮಕ್ಕಳಿಗೆ ಈ ತೊಂದರೆ ಹೆಚ್ಚು. ದಾಖಲೆ ಸರಿಪಡಿಸಿ ಕೊಟ್ಟರೆ ಈ ಬೀಗ ತೆಗೆಯುತ್ತಾರೆ. ಆ ವಾಲೆಟ್ ಇನ್ನು ಬೇಡವೆಂದರೆ ಅದನ್ನು ಮುಚ್ಚಿ, ಉಳಿದ ಹಣವನ್ನು ನಮ್ಮ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಲು ಕೇಳಬಹುದು.

ಎರಡು, ರಿಸರ್ವ್ ಬ್ಯಾಂಕಿನ ಆದೇಶ. ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಸಂಗತಿ ನೆನಪಿರಬಹುದು. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹಾಕಿತು. ಗ್ರಾಹಕರ ಖಾತೆ ಮತ್ತು ವಾಲೆಟ್‌ಗಳಿಗೆ ಹೊಸದಾಗಿ ಹಣ ಹಾಕಿಕೊಳ್ಳುವುದನ್ನು ನಿಲ್ಲಿಸಲು ಮೊದಲು ಫೆಬ್ರವರಿ 29 ಕೊನೆಯ ದಿನವಾಗಿತ್ತು, ಆಮೇಲೆ ಅದನ್ನು ಮಾರ್ಚ್ 15ಕ್ಕೆ ಮುಂದೂಡಲಾಯಿತು. ಸುದ್ದಿ ಕೇಳಿ 'ಹಣ ಹೋಯಿತು' ಎಂದು ಗಾಬರಿಯಾದವರು ಎಷ್ಟೋ ಜನ. ಆದರೆ ಆದೇಶದಲ್ಲಿ ಇದ್ದದ್ದೇನು? ಖಾತೆಯಲ್ಲಿ ಉಳಿದಿರುವಷ್ಟು ಹಣವನ್ನು ತೆಗೆಯಲು, ಬಳಸಲು ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಅಂಗಡಿಯ ಕ್ಯೂಆರ್ ಚೀಟಿ ಬೇರೆ ಬ್ಯಾಂಕಿನ ಖಾತೆಗೆ ಜೋಡಣೆಯಾಗಿದ್ದವರಿಗೆ ವ್ಯಾಪಾರವೂ ನಿಲ್ಲಲಿಲ್ಲ. ನಮ್ಮ ಕ್ಯೂಆರ್ ಚೀಟಿ ಯಾವ ಬ್ಯಾಂಕಿಗೆ ಸೇರಿದೆ ಎಂದು ಇಲ್ಲಿ ಎಷ್ಟು ಜನರಿಗೆ ಗೊತ್ತು? ಮನೆಗೆ ಹೋದ ಮೇಲೆ ನೋಡಿ.

ಮೂರು, ಪೊಲೀಸ್ ಬೀಗ. ಯಾರೋ ಎಲ್ಲೋ ಮೋಸ ಮಾಡಿದ ಹಣದಲ್ಲಿ ನಮ್ಮ ಹತ್ತಿರ ಸಾಮಾನು ಕೊಳ್ಳುತ್ತಾರೆ. ಹಣ ಕಳೆದುಕೊಂಡವರು 1930ಕ್ಕೆ ದೂರು ಕೊಡುತ್ತಾರೆ. ಆ ಹಣ ಹೋದ ದಾರಿ ಹಿಡಿದು ನಮ್ಮ ಖಾತೆಗೂ ತಡೆ ಬೀಳಬಹುದು. ನಮ್ಮದೇನೂ ತಪ್ಪಿರುವುದಿಲ್ಲ. ಈ ತಡೆಯನ್ನು ಬ್ಯಾಂಕಿನವರು ಸಾಮಾನ್ಯವಾಗಿ ತಾವಾಗಿ ತೆಗೆಯುವುದಿಲ್ಲ. ಆದ್ದರಿಂದ ಬ್ಯಾಂಕಿನಲ್ಲಿ ಮೂರು ವಿವರ ಕೇಳಬೇಕು: ಯಾವ ಊರಿನ ಪೊಲೀಸರು, ದೂರಿನ ಸಂಖ್ಯೆ ಏನು, ಎಷ್ಟು ರೂಪಾಯಿಗೆ ತಡೆ. ನಂತರ ಆ ತನಿಖಾಧಿಕಾರಿಗೆ ಮಾರಾಟದ ಚೀಟಿ, ಲೆಕ್ಕದ ಪುಸ್ತಕದ ಪ್ರತಿಯೊಂದಿಗೆ ಅರ್ಜಿ ಕಳಿಸಬೇಕು. ಅನುಮಾನದ ಹಣ 500 ರೂಪಾಯಿ ಇದ್ದರೆ ಅಷ್ಟನ್ನು ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡಿ ಎಂದು ಕೇಳಿ. ಆದರೂ ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ.

ಈಗ ದೂರಿನ ವಿಷಯ. ಕಂಪನಿ ಅಥವಾ ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬರೆದು ಕೊಡಿ. ಹೆಸರು, ಫೋನ್ ನಂಬರ್, ತಡೆ ಬಿದ್ದ ದಿನಾಂಕ, ಒಳಗಿರುವ ಮೊತ್ತ ಇಷ್ಟು ಇರಲಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಆ್ಯಪ್ ಒಳಗೆ ದೂರು ಹಾಕಿದರೆ ದೂರಿನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಮೂವತ್ತು ದಿನ ಕಾದರೂ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸಮಾಧಾನ ತರಲಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. 2021ರ ನವೆಂಬರ್ 12ರಿಂದ ಬ್ಯಾಂಕ್, ವಾಲೆಟ್ ಎಲ್ಲಕ್ಕೂ ಒಂದೇ ಕಡೆ ದೂರು ಕೊಡುವ ವ್ಯವಸ್ಥೆ ಬಂದಿದೆ. ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಕೊಡಬಹುದು, ಅಂಚೆಯಲ್ಲೂ ಕಳಿಸಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಬಹುದು. ಮೊದಲು ಕಂಪನಿಗೆ ಬರೆಯದೆ ನೇರವಾಗಿ ಇಲ್ಲಿಗೆ ಹೋದರೆ ದೂರು ತಿರಸ್ಕಾರವಾಗುತ್ತದೆ. ತಡವೂ ಮಾಡಬೇಡಿ, ದೂರು ಕೊಡಲು ಅವಧಿ ಇದೆ.

ಇನ್ನು ಬಹಳ ಮುಖ್ಯವಾದ ಎಚ್ಚರಿಕೆ. ಗಾಬರಿಯಲ್ಲಿದ್ದಾಗಲೇ ಮೋಸಗಾರರು ಬರುತ್ತಾರೆ. 'ನಾವು ಕಂಪನಿಯಿಂದ ಮಾತಾಡ್ತಿದ್ದೇವೆ ಅಕ್ಕಾ, ಬೀಗ ತೆಗೆದು ಕೊಡ್ತೇವೆ, ಒಟಿಪಿ ಹೇಳಿ' ಅಂತಾರೆ. ಹೇಳಿದರೆ ಮೂರು ಸಾವಿರದ ಜೊತೆ ಬ್ಯಾಂಕಿನಲ್ಲಿದ್ದ ಹಣವೂ ಹೋಗುತ್ತದೆ. ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗೆ ಇರುವುದನ್ನೇ ಬಳಸಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಒತ್ತಿ ಎಂದರೆ ಅದು ಮೋಸ. ಬೀಗ ತೆಗೆಸಲು ಮೊದಲು ಹಣ ಕಟ್ಟಿ ಎಂದರೂ ಮೋಸವೇ. ಹಣ ಹೋಗಿಬಿಟ್ಟರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ಉಳಿಯುವ ಸಾಧ್ಯತೆ ಹೆಚ್ಚು.

ಸಂಘದ ಮಟ್ಟದಲ್ಲಿ ನಾವು ಏನು ಮಾಡಬಹುದು? ಸಂಘದ ಹಣವನ್ನು ಯಾವ ಸದಸ್ಯೆಯ ಸ್ವಂತ ವಾಲೆಟ್‌ನಲ್ಲೂ ಇಡದೆ ಸಂಘದ ಬ್ಯಾಂಕ್ ಖಾತೆಗೇ ಕಟ್ಟುವುದು. ಸಿಮ್ ಮತ್ತು ಖಾತೆ ಎರಡೂ ನಮ್ಮ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳುವುದು. ಮಗನ ಸಿಮ್, ಗಂಡನ ಖಾತೆ ಇದ್ದರೆ ದೂರು ಕೊಡುವಾಗ ನಮ್ಮ ಮಾತು ನಡೆಯೋದಿಲ್ಲ. ವಾಲೆಟ್‌ನಲ್ಲಿ ಹೆಚ್ಚು ಹಣ ಬಿಡದೆ ಆಗಾಗ ಬ್ಯಾಂಕಿಗೆ ಹಾಕುವುದು. ಒಬ್ಬ ಸದಸ್ಯೆಯ ಖಾತೆಗೆ ತಡೆ ಬಿದ್ದರೆ ಅರ್ಜಿ ಬರೆಯಲು ಓದು ಬಲ್ಲವರು ಜೊತೆ ಕೂರುವುದು, ಬ್ಯಾಂಕಿಗೆ ಇಬ್ಬರು ಜೊತೆಗೆ ಹೋಗುವುದು. ಮುಂದಿನ ವಾರದ ಸಭೆಯಲ್ಲೇ ಇದನ್ನು ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಒಬ್ಬಳೇ ಹೋದರೆ 'ನಾಳೆ ಬಾ' ಅನ್ನುವ ಕಡೆ, ಕಾಗದ ಹಿಡಿದು ನಾಲ್ಕು ಜನ ಹೋದರೆ ಕುರ್ಚಿ ಕೊಡುತ್ತಾರೆ. ಇದು ಸಂಘ ನಮಗೆ ಕಲಿಸಿದ ಪಾಠ. ಸಾಲದ ವಿಷಯದಲ್ಲಿ ಅದನ್ನು ಕಲಿತಿದ್ದೇವೆ, ಫೋನಿನ ಹಣದ ವಿಷಯದಲ್ಲೂ ಬಳಸೋಣ.