ಎರಡು ಔಷಧಿಗೂ ನಿಲ್ಲದ ಫಿಟ್ಸ್: ಮುಂದೇನು?

(ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಭಾಷಣ)



ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬಾರದು, ಬಾಯಿಗೆ ಏನನ್ನೂ ತುರುಕಬಾರದು, ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು ಎಂಬುದು ನಿಮಗೆಲ್ಲ ಗೊತ್ತು. ಇವತ್ತಿನ ಪ್ರಶ್ನೆ ಬೇರೆ. ಮಾತ್ರೆ ತಪ್ಪದೆ ನುಂಗಿದರೂ ಫಿಟ್ಸ್ ನಿಲ್ಲದಿದ್ದರೆ ಏನು ಮಾಡೋದು?

ಮೂರ್ಛೆರೋಗವಿರುವ ಮೂವರಲ್ಲಿ ಸುಮಾರು ಇಬ್ಬರಿಗೆ ಮಾತ್ರೆಯಿಂದಲೇ ಹತೋಟಿ ಸಿಗುತ್ತದೆ. ಉಳಿದವರಿಗೆ ಸಿಗುವುದಿಲ್ಲ. ರೋಗಕ್ಕೆ ತಕ್ಕ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮೇಲೂ ಫಿಟ್ಸ್ ಬರುತ್ತಿದ್ದರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗ ಎನ್ನುತ್ತಾರೆ. ಆಮೇಲೆ ಮೂರನೆಯದು, ನಾಲ್ಕನೆಯದು ಎಂದು ಮಾತ್ರೆ ಬದಲಾಯಿಸುತ್ತಾ ಕಾದರೆ ಪೂರ್ತಿ ನಿಲ್ಲುವ ಸಂಭವ ಕಡಿಮೆ. ಅಷ್ಟರಲ್ಲಿ ಮಗುವಿನ ಶಾಲೆ ನಿಂತಿರುತ್ತದೆ. ಒಲೆಯ ಮೇಲೆ, ಬಾವಿಕಟ್ಟೆಯಲ್ಲಿ ಬಿದ್ದರೆ ಜೀವಕ್ಕೇ ಅಪಾಯ.

ಇಂಥವರಲ್ಲಿ ಕೆಲವರಿಗೆ ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಹುಟ್ಟುತ್ತದೆ. ಅವರಿಗೆ ಆಪರೇಷನ್ ಮಾಡಬಹುದು. ದೆಹಲಿಯ ಏಮ್ಸ್‌ನಲ್ಲಿ 116 ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ, ಆಪರೇಷನ್ ಗುಂಪಿನ ಮಕ್ಕಳಲ್ಲಿ ನೂರಕ್ಕೆ 77 ಮಂದಿಗೆ ಫಿಟ್ಸ್ ಇರಲಿಲ್ಲ. ಬರೀ ಔಷಧಿಯಲ್ಲಿದ್ದವರಲ್ಲಿ ನೂರಕ್ಕೆ 7 ಮಂದಿಗೆ ಮಾತ್ರ.

"ತಲೆಬುರುಡೆ ಬಿಚ್ತಾರಂತೆ, ಬೇಡವೇ ಬೇಡ" ಅನ್ನುವ ತಾಯಂದಿರಿದ್ದಾರೆ. ಆ ಹೆದರಿಕೆ ಸಹಜ. ಈಗ ಲೇಸರ್ ವಿಧಾನವೂ ಬಂದಿದೆ. ಅಮೆರಿಕದ ಹ್ಯೂಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 2010ರಲ್ಲೇ ಇದನ್ನು ಮೂರ್ಛೆರೋಗಕ್ಕೆ ಬಳಸಿದರು. ಬುರುಡೆಯಲ್ಲಿ ಸುಮಾರು 3 ಮಿಲಿಮೀಟರಿನ ತೂತು ಮಾಡಿ, ತೆಳ್ಳನೆಯ ಲೇಸರ್ ಎಳೆಯನ್ನು ಒಳಗಿಳಿಸಿ, ಫಿಟ್ಸ್ ಹುಟ್ಟುವ ಜಾಗವನ್ನು ಬಿಸಿಯಿಂದ ಸುಡುತ್ತಾರೆ. ಬಿಸಿ ಎಲ್ಲಿಯವರೆಗೆ ಹರಡುತ್ತಿದೆ ಎಂದು ಎಂಆರ್‌ಐ ಯಂತ್ರದಲ್ಲಿ ಆಗಿಂದಾಗಲೇ ನೋಡುತ್ತಿರುತ್ತಾರೆ. ಗಾಯ ಚಿಕ್ಕದು. ಅನೇಕರು ಒಂದೆರಡು ದಿನದಲ್ಲೇ ಮನೆಗೆ ಹೋಗುತ್ತಾರೆ.

ಆದರೆ ಇದು ಮಂತ್ರದಂಡವಲ್ಲ. ಕಿವಿಯ ನೇರಕ್ಕಿರುವ ಮಿದುಳಿನ ಭಾಗದಿಂದ ಫಿಟ್ಸ್ ಬರುವವರಲ್ಲಿ, ಲೇಸರ್‌ನಿಂದ ಪೂರ್ತಿ ನಿಲ್ಲುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ. ಬುರುಡೆ ತೆರೆದು ಮಾಡುವ ಆಪರೇಷನ್ನಿನ ಫಲ ಇದಕ್ಕಿಂತ ಕೊಂಚ ಮೇಲು. ಲೇಸರ್‌ನಲ್ಲೂ ರಕ್ತಸ್ರಾವವಾಗುವ, ದೃಷ್ಟಿಗೆ ತೊಂದರೆಯಾಗುವ ಸಂಭವ ಇದ್ದೇ ಇದೆ. ಯಾರಿಗೆ ಯಾವುದು ಎಂಬುದನ್ನು ವಿಡಿಯೋ ಇಇಜಿ, ಎಂಆರ್‌ಐ ಪರೀಕ್ಷೆಗಳ ನಂತರ ತಜ್ಞರೇ ಹೇಳಬೇಕು.

ಆದ್ದರಿಂದ ನಿಮ್ಮ ಸಂಘದಲ್ಲಿ ಇಂಥ ಮನೆಯವರಿದ್ದರೆ ಅವರಿಗೆ ಇಷ್ಟು ಹೇಳಿ: ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಬಂದ ದಿನ, ಹೊತ್ತು ಬರೆದಿಡಿ. ಆಗುತ್ತಿರುವುದನ್ನು ಮನೆಯವರೊಬ್ಬರು ಮೊಬೈಲಿನಲ್ಲಿ ಚಿತ್ರಿಸಲಿ. ಎರಡು ಔಷಧಿ ಸೋತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ, ಮೂರ್ಛೆರೋಗದ ಆಪರೇಷನ್ ನಡೆಯುವ ಆಸ್ಪತ್ರೆಗೆ ಹೋಗಿ, "ನಮ್ಮ ಮಗುವಿಗೆ ಆಪರೇಷನ್ ಆಗುತ್ತಾ ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಆಗುವುದಿಲ್ಲ ಎಂದರೂ ನಷ್ಟವಿಲ್ಲ. ಕೇಳದೆ ಹತ್ತು ವರ್ಷ ಕಳೆದರೆ ಆ ವರ್ಷಗಳು ಮರಳಿ ಬರುವುದಿಲ್ಲ.