ಪಾಲಕರ ಎರಡು ಅಹವಾಲು: ಮಾಧ್ಯಮಿಕ ಶಾಲೆಯಲ್ಲಿ ರಕ್ಷಣೆಯೂ ಶಿಸ್ತೂ

(ಮಹೋತ್ಸವದ ಅಂಗವಾಗಿ ಶ್ರೀಮಠದಲ್ಲಿ ನೆರೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)

 

ಇಂದು ಮಾತನಾಡಬೇಕೆಂದು ನನಗೆ ಅಪ್ಪಣೆಯಾದಾಗ, ವ್ಯಾಕರಣವನ್ನೋ ಶಾಸ್ತ್ರವನ್ನೋ ಕುರಿತು ನಾಲ್ಕು ಮಾತು ಹೇಳಿ ಕುಳಿತುಕೊಳ್ಳಬಹುದೆಂದು ಭಾವಿಸಿದ್ದೆನು. ನಾನು ಕಲಿತದ್ದು ಅಷ್ಟೇ. ಆದರೆ ಬೆಳಗಿನ ಕಲಾಪದಲ್ಲಿ ಪಾಲಕರಾದ ತಾವು ಆಡಿದ ಮಾತುಗಳನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಮೇಲೆ, ಬರೆದು ತಂದಿದ್ದ ಕಾಗದವನ್ನು ಮಡಿಚಿ ಇಟ್ಟುಬಿಟ್ಟೆನು. ತಾವು ಎತ್ತಿದ ವಿಷಯವನ್ನೇ ಕುರಿತು ನನಗೆ ತೋರಿದುದನ್ನು ಹೇಳುತ್ತೇನೆ. ಅದರಲ್ಲಿ ಕೆಲವು ಮಾತು ತಮಗೆ ಪ್ರಿಯವಾಗಲಾರದು. ಕೆಲವು ನನಗೂ ಪ್ರಿಯವಾದುದಲ್ಲ.

ಬೆಳಿಗ್ಗೆ ಒಬ್ಬ ತಾಯಿಯವರು ಎದ್ದುನಿಂತು, ಏಳನೆಯ ತರಗತಿಯಲ್ಲಿ ಓದುವ ತಮ್ಮ ಮಗಳು ಮನೆಯಿಂದ ಹೊರಟ ಮೇಲೆ ಸಂಜೆಯ ತನಕ ಒಂದು ಗುಟುಕು ನೀರನ್ನೂ ಕುಡಿಯಳೆಂದೂ, ಶಾಲೆಯ ಶೌಚಗೃಹದ ಬಾಗಿಲಿಗೆ ಅಗುಳಿಯಿಲ್ಲದಿರುವುದೇ ಅದಕ್ಕೆ ಕಾರಣವೆಂದೂ ಹೇಳಿದರು. ಇನ್ನೊಬ್ಬರು, ಆರು ಮಂದಿ ಹಿಡಿಯದ ಆಟೋ ಗಾಡಿಯಲ್ಲಿ ಹನ್ನೆರಡು ಮಕ್ಕಳನ್ನು ತುಂಬಿ ತರುವ ಸಂಗತಿಯನ್ನು ಹೇಳಿದರು. ಮತ್ತೊಬ್ಬರು, ಶಾಲೆಯ ಹೆಬ್ಬಾಗಿಲ ಎದುರಿನ ಗೂಡಂಗಡಿಯಲ್ಲಿ ಗುಟ್ಕಾ ಮಾರುವರೆಂದು ದೂರಿದರು. ವಿದ್ಯಾಸಂಸ್ಥೆಯಿಂದ ೧೦೦ ಗಜದೊಳಗೆ ತಂಬಾಕಿನ ಪದಾರ್ಥವನ್ನು ಮಾರಕೂಡದೆಂದು ೨೦೦೩ನೆಯ ಇಸವಿಯ ಕಾಯಿದೆಯೇ ವಿಧಿಸಿರುವುದರಿಂದ ಆ ದೂರು ನ್ಯಾಯವಾದದ್ದು. ಇವೆಲ್ಲ ರಕ್ಷಣೆಯ ಮಾತುಗಳು. ತರುವಾಯ, ಇದೇ ಮಹನೀಯರಲ್ಲಿ ಇಬ್ಬರು ಮೂವರು ಮತ್ತೆ ಎದ್ದು, ಮಾಸ್ತರರ ಕೈಯಿಂದ ಬೆತ್ತವು ಹೋದಂದೇ ಶಾಲೆಯಿಂದ ಶಿಸ್ತು ಹೋಯಿತು, ಅದು ಮರಳಿ ಬರಬೇಕು ಎಂದರು. ಆ ಮಾತಿಗೆ ಸಭೆಯು ಚಪ್ಪಾಳೆ ತಟ್ಟಿತು. ಅಗುಳಿಯ ಮಾತಿಗೆ ಯಾರೂ ತಟ್ಟಲಿಲ್ಲ.

ಮಹಾಶಯರೇ, ಈ ಎರಡು ಬೇಡಿಕೆಗಳು ಒಂದೇ ಬಾಯಿಂದ ಬರುವುವಾದರೂ ಒಂದೇ ಮನೆಯಲ್ಲಿ ಬಾಳಲಾರವು. ಬೆತ್ತಕ್ಕೆ ಅಂಜುವ ಮಗುವು ತನಗೆ ಬಂದ ಅಪಾಯವನ್ನು ಬೆತ್ತ ಹಿಡಿದವನಿಗೆ ಹೇಳುವುದಿಲ್ಲ. ಹೇಳದಿದ್ದ ಅಪಾಯವನ್ನು ಯಾವ ಗೋಡೆಯೂ ಯಾವ ಕಾವಲುಗಾರನೂ ತಡೆಯಲಾರನು. ನಾನು ಹೇಳಬೇಕಾದುದು ಇಷ್ಟೇ ಆಗಿದೆ. ಉಳಿದುದೆಲ್ಲ ಇದರ ವಿಸ್ತಾರ.

ಮಾಧ್ಯಮಿಕ ಶಾಲೆಯೆಂದರೆ ನಮ್ಮ ಹಿರಿಯರು ಮಿಡಲ್ ಸ್ಕೂಲು ಎಂದು ಕರೆಯುತ್ತಿದ್ದುದು. ಆರು, ಏಳು, ಎಂಟನೆಯ ತರಗತಿಗಳು. ಹನ್ನೊಂದರಿಂದ ಹದಿನಾಲ್ಕು ವರ್ಷದ ವಯಸ್ಸು. ಒಂದನೆಯ ತರಗತಿಯ ಕೂಸು ಶಾಲೆಯಲ್ಲಿ ನಡೆದುದೆಲ್ಲವನ್ನೂ ಬಾಗಿಲು ದಾಟುವುದರೊಳಗೆ ತಾಯಿಗೆ ಒಪ್ಪಿಸಿಬಿಡುವುದು. ಹನ್ನೆರಡು ವರ್ಷದವನು ಹಾಗಲ್ಲ. ಅವನಿಗೆ ನಾಚಿಕೆ ಹುಟ್ಟಿರುವುದು. ಚಾಡಿಕೋರನೆಂಬ ಹೆಸರಿಗೆ ಹೆದರುವನು. ತಂದೆಗೆ ಹೇಳಿದರೆ ತಂದೆಯು ಶಾಲೆಗೆ ಬಂದು ಕೂಗಾಡಿ ತನ್ನ ಮಾನ ಕಳೆಯುವನೆಂದು ಅಂಜುವನು. ಹೇಳಬೇಕಾದ ವಿಷಯಗಳು ಹೆಚ್ಚುವ ವಯಸ್ಸಿನಲ್ಲಿಯೇ ಹೇಳುವ ಅಭ್ಯಾಸವು ಕಡಿಮೆಯಾಗುವುದು. ಹೀಗಿರುವಲ್ಲಿ ನಾವು ಅವನ ಬಾಯಿಗೆ ಇನ್ನೊಂದು ಬೀಗವನ್ನೂ ಹಾಕಬೇಕೆ?

ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವೆನು. ಸುಮಾರು ೨೮ ವರ್ಷಗಳ ಹಿಂದೆ ಒಂದು ತಾಲೂಕು ಊರಿನ ಮಾಧ್ಯಮಿಕ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದೆನು. ಪಾಠಶಾಲೆಯಿಂದ ಹೊಸದಾಗಿ ಹೊರಬಂದವನು. ಶಬ್ದರೂಪಗಳ ಪಠಣದಲ್ಲಿ ಒಂದು ವಿಸರ್ಗ ತಪ್ಪಿದರೂ ಸಹಿಸದ ಕಾಲ. ಮೇಜಿನ ಮೇಲೆ ನಾಗರಬೆತ್ತವು ಪುಸ್ತಕದಷ್ಟೇ ಸಹಜವಾಗಿ ಇರುತ್ತಿತ್ತು. ಆರನೆಯ ತರಗತಿಯ ಒಬ್ಬ ಹುಡುಗನು ದಿನವೂ ಕಾಲು ಗಂಟೆ ತಡವಾಗಿ ಬರುವನು. ದಿನವೂ ಕೈಯೊಡ್ಡುವನು, ದಿನವೂ ಎರಡೇಟು. ಕಾರಣ ಕೇಳಿದರೆ ನೆಲ ನೋಡುವನು. ಅದನ್ನು ನಾನು ಮೊಂಡುತನವೆಂದು ತಿಳಿದು ಎರಡನ್ನು ನಾಲ್ಕು ಮಾಡಿದೆನು. ಅವನ ತಂದೆಯು ಒಮ್ಮೆ ಸಂತೆಗೆ ಬಂದವನು ನನ್ನನ್ನು ಕಂಡು, ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಸ್ವಾಮೀ’ ಎಂದನು. ಆ ಕಾಲದಲ್ಲಿ ಪಾಲಕರು ಹಾಗೆ ಹೇಳುವುದು ಮಾಸ್ತರರಿಗೆ ಮಾಡುವ ಮರ್ಯಾದೆಯಾಗಿತ್ತು. ನಾನೂ ಮರ್ಯಾದೆಯೆಂದೇ ಸ್ವೀಕರಿಸಿದೆನು.

ದಸರೆಯ ರಜೆ ಮುಗಿದು ಶಾಲೆ ತೆರೆದ ಮೇಲೆ ಒಂದು ದಿನ, ಜ್ವರ ಬಂದ ಒಬ್ಬ ಉಪಾಧ್ಯಾಯರನ್ನು ನೋಡಿಕೊಂಡು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಬರುತ್ತಿದ್ದೆನು. ಏರಿಯ ತಿರುವಿನಲ್ಲಿ, ಎಂಟನೆಯ ತರಗತಿಯನ್ನು ಬಿಟ್ಟು ತಿರುಗುತ್ತಿದ್ದ ಮೂವರು ದೊಡ್ಡ ಹುಡುಗರು ಈ ಹುಡುಗನನ್ನು ಸುತ್ತುವರಿದಿದ್ದರು. ಅವನ ಬುತ್ತಿಯು ಬಿಚ್ಚಿತ್ತು; ಅಂಗಿಯು ಅವನ ಮೈಮೇಲಿರಲಿಲ್ಲ. ನಾನು ಕೂಗಿದೊಡನೆ ಅವರು ಓಡಿದರು. ಹುಡುಗನು ಅಂಗಿಯನ್ನು ಹಾಕಿಕೊಳ್ಳುತ್ತ, ನನ್ನನ್ನು ನೋಡಿ, ಮೊದಲು ಮಾಡಿದ್ದೇನೆಂದರೆ ಕೈಯನ್ನು ಮುಂದೆ ಚಾಚಿದ್ದು. ಅಂದು ತಡವಾದುದಕ್ಕೆ ಏಟು ಅಲ್ಲಿಯೇ ಬೀಳುವುದೆಂದು ಅವನು ಎಣಿಸಿದ್ದನು.

ಜೂನಿನಿಂದಲೂ ಅದು ನಡೆದಿತ್ತೆಂದು ಆಮೇಲೆ ತಿಳಿಯಿತು. ಅವನು ಯಾರಿಗೆ ಹೇಳಬೇಕಾಗಿತ್ತು? ಏರಿಯ ಮೇಲೆ ಮೂವರಿದ್ದರು, ತರಗತಿಯಲ್ಲಿ ನಾನಿದ್ದೆನು. ನಾನು ಆ ಬಳಿಕ ಬೆತ್ತವನ್ನು ಹಿಡಿಯಲಿಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ, ತಡವಾಯಿತೆಂದು ಹೇಳುತ್ತಿದ್ದೇನೆ.

ಹಿಂದಿನವರು ಹೊಡೆಯಲಿಲ್ಲವೇ, ಅವರ ಶಿಷ್ಯರು ವಿದ್ವಾಂಸರಾಗಲಿಲ್ಲವೇ ಎಂದು ಕೇಳುವವರುಂಟು. ಹೊಡೆದರು, ನಿಜ. ಕೂಲಿಮಠಗಳಲ್ಲಿ ಹುಡುಗರನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ಜೋತುಹಾಕುವ ಕೋದಂಡವೆಂಬ ದಂಡನೆಯೂ ಇದ್ದಿತು. ಅದನ್ನು ತಾಳಿಕೊಂಡು ಓದಿದವರ ಕಥೆಗಳು ನಮಗೆ ಉಳಿದಿವೆ. ತಾಳದೆ ಮರಳಿ ದನ ಕಾಯಲು ಹೋದವರು ಕಥೆ ಬರೆಯಲಿಲ್ಲ. ಇನ್ನು ಶಾಸ್ತ್ರವನ್ನು ಕೇಳುವಿರಾದರೆ, ಕನ್ನಡದಲ್ಲಿ ಶಿಕ್ಷೆಯೆಂದೊಡನೆ ದಂಡನೆಯೆಂದೇ ಅರ್ಥಮಾಡುವೆವು. ಆದರೆ ಧಾತುಪಾಠದಲ್ಲಿ ಶಿಕ್ಷ್ ಎಂಬ ಧಾತುವಿಗೆ ವಿದ್ಯೆಯನ್ನು ಪಡೆಯುವುದೆಂದು ಅರ್ಥ ಹೇಳಿದೆ. ಗೌತಮ ಧರ್ಮಸೂತ್ರವು ಶಿಷ್ಯನನ್ನು ಹೊಡೆಯದೆ ತಿದ್ದತಕ್ಕದ್ದೆಂಬುದನ್ನೇ ಮೊದಲ ವಿಧಿಯಾಗಿ ಇಟ್ಟು, ಅದು ಆಗದಿದ್ದಲ್ಲಿ ಮಾತ್ರ ತೆಳುವಾದ ಹಗ್ಗಕ್ಕೂ ಬಿದಿರ ಸೀಳಿಗೂ ಅವಕಾಶ ಕೊಡುವುದು. ಬೇರೆ ವಸ್ತುವಿನಿಂದ ಹೊಡೆದ ಗುರುವನ್ನು ರಾಜನು ದಂಡಿಸಬೇಕೆನ್ನುವುದು. ಧರ್ಮಸೂತ್ರಗಳು ನಮಗೆ ಪರಮಪ್ರಮಾಣವಲ್ಲವೆಂಬುದನ್ನು ಬಲ್ಲೆನು. ಆದರೂ ಗುರುವು ರಾಜದಂಡಕ್ಕೆ ಒಳಪಟ್ಟವನೆಂಬ ವಿಚಾರವು ಈಚಿನವರ ಕಲ್ಪನೆಯಲ್ಲವೆಂದು ತೋರಿಸಲು ಇದು ಸಾಕು.

ಈಗಿನ ರಾಜದಂಡವು ಯಾವುದೆಂದರೆ, ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ಅದರ ೧೭ನೆಯ ಪ್ರಕರಣವು ನಿಷೇಧಿಸಿದೆ. ಇಲ್ಲಿ ನಮ್ಮವರಿಗೇ ಒಂದು ಮಾತು ಹೇಳಬೇಕಾಗಿದೆ. ೨೦೧೨ರ ತಿದ್ದುಪಡಿಯ ಪ್ರಕಾರ, ಧಾರ್ಮಿಕ ಬೋಧನೆಯೇ ಮುಖ್ಯವಾಗಿರುವ ಪಾಠಶಾಲೆಗಳಿಗೆ ಆ ಕಾಯಿದೆಯು ಅನ್ವಯಿಸುವುದಿಲ್ಲ. ಇದನ್ನು ತಿಳಿದ ಒಬ್ಬಿಬ್ಬರು, ‘ಹಾಗಾದರೆ ನಮ್ಮಲ್ಲಿ ಹೊಡೆಯಬಹುದು’ ಎಂದು ನನ್ನೊಡನೆ ನಗುತ್ತ ಹೇಳಿದ್ದುಂಟು. ಹೊಡೆಯಲಾಗದು. ೨೦೧೫ರ ಬಾಲನ್ಯಾಯ ಕಾಯಿದೆಯು, ಮಗುವಿನ ಆರೈಕೆಯನ್ನು ವಹಿಸಿಕೊಂಡ ಸಂಸ್ಥೆಯ ನೌಕರನೋ ವ್ಯವಸ್ಥಾಪಕನೋ ಅದಕ್ಕೆ ಕ್ರೌರ್ಯವೆಸಗಿದಲ್ಲಿ ಐದು ವರ್ಷಗಳವರೆಗೆ ಕಠಿಣ ಸಜೆಯನ್ನು ವಿಧಿಸುವುದು. ಅದು ಹಾಗಿರಲಿ, ಕಾಯಿದೆಯ ಸಂದಿಯಲ್ಲಿ ನುಸುಳಿ ಮಗುವನ್ನು ಹೊಡೆಯಲು ಸ್ಥಳ ಹುಡುಕುವವನು ಪಾಠಶಾಲೆಗೆ ಎಂತಹ ಗೌರವವನ್ನು ತಂದಾನು?

ಮಕ್ಕಳ ಮಾತನ್ನು ಕೇಳದಿದ್ದರೆ ಏನಾಗುವುದೆಂಬುದಕ್ಕೆ ನನ್ನ ಹುಡುಗನ ಕಥೆಯು ಚಿಕ್ಕದು. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ೨೦೧೩ನೆಯ ಜುಲೈ ೧೬ರಂದು ಮಧ್ಯಾಹ್ನದ ಊಟವನ್ನು ಉಂಡು ೨೩ ಮಕ್ಕಳು ಮಡಿದರು. ಅಡುಗೆಯ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕವು ಸೇರಿತ್ತು. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡುಗೆಯವಳು ಹೇಳಿದ್ದಳೆಂದೂ, ಊಟದ ರುಚಿ ಕೆಟ್ಟಿದೆಯೆಂದು ಮಕ್ಕಳು ಹೇಳಿದ್ದರೆಂದೂ ಆಗ ವರದಿಯಾಯಿತು. ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಆರಂಭವಾದ ಇಂಥದೇ ಊಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ದಾಸೋಹವೆಂಬ ಶಬ್ದದ ಭಾರವನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಮಕ್ಕಳಿಗೆ ಬಡಿಸುವ ಮುಂಚೆ ಉಪಾಧ್ಯಾಯರು ರುಚಿ ನೋಡಬೇಕೆಂಬ ನಿಯಮವಿದೆ. ಅದನ್ನು ಪಾಲಿಸುವರೋ ಇಲ್ಲವೋ ಎಂದು ತಾವು ಒಂದು ದಿನ ಹೋಗಿ ನೋಡಿದ್ದುಂಟೆ?

ಅದೇ ಜುಲೈ ೧೬ರಂದು, ಒಂಬತ್ತು ವರ್ಷಗಳ ಮೊದಲು, ೨೦೦೪ರಲ್ಲಿ, ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆಮನೆಯ ಬೆಂಕಿಯು ಗರಿಯ ಮಾಡಿಗೆ ತಗುಲಿ ೯೪ ಮಕ್ಕಳು ಬೆಂದುಹೋದರು. ಇಳಿಯಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಆ ದುರಂತದ ಹಿನ್ನೆಲೆಯಲ್ಲಿ ಬಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ, ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಒಳಗೇ ಸೇರಿದುದೆಂದು ತೀರ್ಮಾನಿಸಿತು. ಆದಕಾರಣ ಅಗುಳಿಯನ್ನು ಕೇಳಿದ ಆ ತಾಯಿಯವರು ಉಪಕಾರವನ್ನು ಬೇಡಿದವರಲ್ಲ.

ಇನ್ನೊಂದು ಮಾತನ್ನು ತಾಯಂದಿರ ಎದುರಿನಲ್ಲಿ ಹೇಳಲು ಸಂಕೋಚವಾಗುವುದು. ಆದರೆ ಆ ಸಂಕೋಚದಿಂದಲೇ ಕೆಡುಕು ಬೆಳೆದಿದೆ. ಮಕ್ಕಳ ಮಾನಕ್ಕೆ ಕೈಹಾಕುವವರು ಹೊರಗಿನ ಅಪರಿಚಿತರೇ ಆಗಿರಬೇಕೆಂದಿಲ್ಲ. ಗಾಡಿ ಹೊಡೆಯುವವನು, ವಸತಿಗೃಹವನ್ನು ನೋಡಿಕೊಳ್ಳುವವನು, ಪಾಠ ಹೇಳುವವನು, ಕಾಲಿಗೆರಗಿಸಿಕೊಳ್ಳುವವನು, ಯಾರೂ ಆಗಬಹುದು. ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ, ಇಂತಹ ಅಪರಾಧವು ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನು ಮಾಡಿದುದನ್ನು ಸಂಸ್ಥೆಯ ಮುಖ್ಯಸ್ಥನು ಮುಚ್ಚಿಟ್ಟರೆ ಅವನಿಗೂ ಒಂದು ವರ್ಷದವರೆಗೆ ಸೆರೆವಾಸ. ಶಾಲೆಯ ಹೆಸರು ಕೆಡುವುದು, ಮಠದ ಹೆಸರು ಕೆಡುವುದು ಎಂದು ಹಿರಿಯರು ಕುಳಿತು ರಾಜಿ ಮಾಡುವ ಪದ್ಧತಿಯನ್ನು ನಾನು ನೋಡಿದ್ದೇನೆ. ಆ ರಾಜಿಯಲ್ಲಿ ಮಗುವಿಗೆ ಸ್ಥಾನವಿರುವುದಿಲ್ಲ. ಅದಕ್ಕೆ ೧೦೯೮ ಎಂಬ ದೂರವಾಣಿಯ ಅಂಕೆಯಾದರೂ ಬಾಯಿಗೆ ಬರುವಂತಿರಲಿ. ಪ್ರತಿಯೊಂದು ತರಗತಿಯ ಗೋಡೆಯ ಮೇಲೂ ಅದನ್ನು ಬರೆಯಿಸುವ ಖರ್ಚು ಒಂದು ಡಬ್ಬಿ ಬಣ್ಣ.

ಹಾಗಾದರೆ ಶಿಸ್ತು ಬೇಡವೇ ಎಂದು ಕೇಳುವಿರಿ. ಬೇಕು. ಈ ವಯಸ್ಸಿನ ಮಕ್ಕಳು ಅಂಕೆಯಿಲ್ಲದೆ ಒಬ್ಬರನ್ನೊಬ್ಬರು ಹಿಂಸಿಸುವರೆಂಬುದಕ್ಕೆ ಏರಿಯ ಮೇಲಿನ ಆ ಮೂವರೇ ಸಾಕ್ಷಿ. ಆದರೆ ಅಂಕೆಯೆಂಬುದು ಎಲ್ಲಿ ಬೇಕೋ ಅಲ್ಲಿ ನಾವು ಇರುವುದಿಲ್ಲ. ಜಗಳ, ಕಸಿಯುವುದು, ಹೆಸರಿಟ್ಟು ಹಂಗಿಸುವುದು ಇವು ತರಗತಿಯಲ್ಲಿ ಉಪಾಧ್ಯಾಯರ ಎದುರಿನಲ್ಲಿ ನಡೆಯುವುದು ಕಡಿಮೆ. ಊಟದ ಬಿಡುವಿನಲ್ಲಿ, ಶೌಚಗೃಹದ ಹಿಂಭಾಗದಲ್ಲಿ, ಗಾಡಿಗೆ ಕಾಯುವ ಅರ್ಧ ಗಂಟೆಯಲ್ಲಿ ನಡೆಯುವುವು. ಈಚೆಗೆ ಕೈಯಲ್ಲಿ ಹಿಡಿದ ಮೊಬೈಲಿನೊಳಗೂ ನಡೆಯುವುವಂತೆ. ಅದನ್ನು ನನಗಿಂತ ತಾವೇ ಚೆನ್ನಾಗಿ ಬಲ್ಲಿರಿ. ಆ ಹೊತ್ತಿನಲ್ಲಿ ಆ ಸ್ಥಳದಲ್ಲಿ ಒಬ್ಬ ಉಪಾಧ್ಯಾಯರು ಸುಮ್ಮನೆ ಅಡ್ಡಾಡುತ್ತಿದ್ದರೆ ಅರ್ಧ ಶಿಸ್ತು ಬಂತು. ಗಂಟೆ ಹೊಡೆದೊಡನೆ ಉಪಾಧ್ಯಾಯರೂ ತರಗತಿಯಲ್ಲಿದ್ದರೆ ಉಳಿದರ್ಧವೂ ಬಹುಮಟ್ಟಿಗೆ ಬಂತು. ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ ಗುರುವು ಶಿಷ್ಯನನ್ನು ಬೀಳ್ಕೊಡುವಾಗ, ತನ್ನ ನಡತೆಯಲ್ಲಿ ಅನುಸರಿಸಬಾರದ್ದೂ ಇರಬಹುದೆಂದು ತಾನೇ ಒಪ್ಪಿಕೊಳ್ಳುವನು. ಬೆತ್ತ ಹಿಡಿದಿದ್ದ ಕಾಲದಲ್ಲಿ ನಾನು ಆ ಭಾಗವನ್ನು ಎಷ್ಟೋ ಸಲ ಪಾಠ ಹೇಳಿದ್ದೆನು, ಸ್ವರ ಸರಿಯಾಗಿತ್ತು.

ಪಾಲಕರ ಪಾಲೂ ಇದೆ. ಸರಕಾರಿ ಶಾಲೆಗಳಲ್ಲಿ ೨೦೦೧ರಿಂದಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕೆಂದೂ, ಅರ್ಧ ಮಂದಿ ಸ್ತ್ರೀಯರಿರಬೇಕೆಂದೂ ಹೇಳುವುದು. ಸ್ತ್ರೀಯರಿರುವ ಸಮಿತಿಯಲ್ಲಿ ಅಗುಳಿಯ ಮಾತು ಮೊದಲನೆಯ ದಿನವೇ ಬರುವುದು. ಗಂಡಸರು ಮಾತ್ರ ಕುಳಿತಲ್ಲಿ ಕಾಂಪೌಂಡಿನ ಕಮಾನಿಗೆ ಯಾರ ಹೆಸರು ಬರೆಯಬೇಕೆಂಬ ಚರ್ಚೆಯಲ್ಲಿ ವರ್ಷ ಕಳೆಯುವುದು. ನಗಬೇಡಿರಿ, ಅಂತಹ ಸಭೆಯಲ್ಲಿ ನಾನೇ ಕುಳಿತಿದ್ದೇನೆ. ಆ ತಾಯಿಯವರು ಇಲ್ಲಿಯೇ ಇದ್ದಾರಷ್ಟೆ. ಬರುವ ಸೋಮವಾರ ಬಡಿಗನನ್ನು ಕರೆಸುವುದಾಗಿ ಶ್ರೀಗಳವರ ಅಪ್ಪಣೆಯಾಗಿದೆ. ಎಲ್ಲ ಬಾಗಿಲುಗಳನ್ನೂ ತಾವೇ ಒಮ್ಮೆ ಹಾಕಿ ತೆಗೆದು ನೋಡಬೇಕೆಂದು ಅವರಲ್ಲಿ ನನ್ನ ಪ್ರಾರ್ಥನೆ.

ಕಡೆಯದಾಗಿ ಒಂದು ಸಂಗತಿ. ಕಳೆದ ಜೂನಿನಲ್ಲಿ ಒಬ್ಬ ಗೃಹಸ್ಥನು ತನ್ನ ಮಗನನ್ನು ನಮ್ಮಲ್ಲಿ ಆರನೆಯ ತರಗತಿಗೆ ಸೇರಿಸಲು ಬಂದನು. ಮುಖವನ್ನು ನಾನು ಗುರುತಿಸಲಿಲ್ಲ, ಅವನೇ ಹೇಳಿದನು. ಕೆರೆಯ ಏರಿಯ ಹುಡುಗ. ಈಗ ಈ ಕಡೆಯೇ ಜಮೀನು ಮಾಡಿಕೊಂಡಿದ್ದಾನೆ. ಕಾಗದಗಳಿಗೆ ರುಜು ಹಾಕಿ, ಹೊರಡುವಾಗ, ಮಗನ ತಲೆಯ ಮೇಲೆ ಕೈಯಿಟ್ಟು, ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಸ್ವಾಮೀ’ ಎಂದನು. ಅವನಿಗೆ ಹಳೆಯದು ನೆನಪಿರಲಿಲ್ಲವೋ, ಅಥವಾ ನೆನಪಿದ್ದೂ ಮರ್ಯಾದೆಗಾಗಿ ಹೇಳಿದನೋ, ನಾನು ಕೇಳಲಿಲ್ಲ. ಹುಡುಗನು ನೆಲ ನೋಡುತ್ತಿದ್ದನು. ನಾನು ಬಗ್ಗಿ, ಬೆಳಿಗ್ಗೆ ಯಾವ ದಾರಿಯಿಂದ ಬರುವೆಯಪ್ಪಾ, ಜೊತೆಗೆ ಯಾರು ಬರುವರು ಎಂದು ಕೇಳಿದೆನು. ಕಾಲುವೆಯ ದಂಡೆಯ ಮೇಲೆ, ಒಬ್ಬನೇ, ಎಂದನು. ಮಾರನೆಯ ದಿನ ಬೆಳಿಗ್ಗೆ ನಾನು ಆ ದಂಡೆಯ ಮೇಲೆ ಅವನ ಜೊತೆಯಲ್ಲಿ ನಡೆದು ಬಂದೆನು.