ಕೊಠಡಿ ಮುಚ್ಚುವ ಹೊತ್ತು
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಸಾಂಗಲಿ, ಮಿರಜ ಪರಿಸರದಲ್ಲಿ ಮಗುವನ್ನು ಕನ್ನಡ ಶಾಲೆಗೆ ಕಳುಹಿಸುವ ಪಾಲಕರು ಮೇಲಿಂದ ಮೇಲೆ ನಮ್ಮನ್ನು ಕೇಳುವುದುಂಟು: ಗಣಕದಂಥ ವಿದ್ಯೆ ಈ ಭಾಷೆಯಲ್ಲಿ ದಕ್ಕೀತೇ? ವಾದದಿಂದ ಉತ್ತರಿಸುವ ಬದಲು ಆ ವಿದ್ಯೆಯ ಕಠಿಣವಾದ ಒಂದು ತೊಡಕನ್ನೇ ತಮ್ಮ ಮುಂದಿಡುತ್ತೇವೆ.

ಒಂದು ಕಾಲಕ್ಕೆ ಮೂರು ಅಳತೆಯ ಹಳಿಗಳು ಕೂಡುತ್ತಿದ್ದ ಮಿರಜ ಜಂಕ್ಷನ್ನಿನ ನೆರೆಯವರು ನಾವು. ಒಂಟಿ ಹಳಿಯ ಮಾರ್ಗದಲ್ಲಿ ಚಾಲಕನ ಕೈಗೆ ದೊಡ್ಡ ಬಳೆಗೆ ಕಟ್ಟಿದ ಚೀಲವೊಂದನ್ನು ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ಚೀಲದೊಳಗೆ ಉಕ್ಕಿನ ಗುಂಡು. ಅದೇ ನೀಲ್ಸ್ ಟೋಕನ್. ಎರಡು ನಿಲ್ದಾಣಗಳ ಯಂತ್ರಗಳು ತಂತಿಯಿಂದ ಬೆಸೆದುಕೊಂಡಿದ್ದು, ಒಂದು ಗುಂಡು ಹೊರಗಿರುವಾಗ ಇನ್ನೊಂದು ಹೊರಬರುವುದಿಲ್ಲ. ಹಳಿ ಖಾಲಿಯಿದೆಯೇ ಎಂದು ನೋಡುವುದು ಒಂದು ಕೆಲಸ, ಗಾಡಿ ಬಿಡುವುದು ಇನ್ನೊಂದು. ಇವೆರಡರ ನಡುವಿನ ಬಿಡುವಿನಲ್ಲಿ ಎದುರಿನ ನಿಲ್ದಾಣವೂ ಹಾಗೆಯೇ ನೋಡಿ ಗಾಡಿ ಬಿಟ್ಟರೆ ಅನಾಹುತ. ಈ ಬಿಡುವಿನಿಂದ ಹುಟ್ಟುವ ದೋಷಕ್ಕೆ ಗಣಕಶಾಸ್ತ್ರದಲ್ಲಿ ರೇಸ್ ಕಂಡೀಷನ್ ಎಂದು ಹೆಸರು. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದಾಗ, ನಿಯಂತ್ರಣ ಕೊಠಡಿಯ ಎಚ್ಚರಿಕೆಯ ತಂತ್ರಾಂಶವನ್ನು ಮೂಕವಾಗಿಸಿದ್ದು ಇಂಥದೇ ದೋಷ.

ಈಗ ಗಣಕವನ್ನು ಶಾಲೆಯೆಂದು ಭಾವಿಸೋಣ. ಪ್ರೊಸೆಸರುಗಳು ಕೊಠಡಿಗಳು, ನಡೆಯುವ ಕೆಲಸಗಳು ಮಕ್ಕಳು. ಐದನೆಯ ಇಯತ್ತೆಗೆ 3 ಮತ್ತು 4ನೆಯ ಕೊಠಡಿಗಳು ಮಾತ್ರ ಎಂದು ದಾಖಲೆಯಲ್ಲಿ ಬರೆದಿಡುವಂತೆ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕೆಲಸಗಳ ಗುಂಪಿಗೆ ಇಂತಿಂಥ ಪ್ರೊಸೆಸರು ಎಂದು ಗೊತ್ತುಮಾಡುವ ಏರ್ಪಾಡು 2005ರಲ್ಲಿ ಬಂದಿತು. ಅದರ ಹೆಸರು ಸಿಪಿಯುಸೆಟ್.

ಪ್ರೊಸೆಸರುಗಳೋ ನಡುವೆಯೇ ಮಾಯವಾಗಬಲ್ಲವು. ವಿದ್ಯುತ್ ಉಳಿತಾಯಕ್ಕೆಂದು ಅಥವಾ ಕೆಟ್ಟಿದೆಯೆಂಬ ಕಾರಣಕ್ಕೆ ಅವುಗಳನ್ನು ಹೊರತೆಗೆಯುತ್ತಾರೆ. ಗುರುಗಳು ದಾಖಲೆ ನೋಡಿ 4ನೆಯ ಕೊಠಡಿಗೆ ಹೋಗೆಂದು ಚೀಟಿ ಬರೆಯುತ್ತಾರೆ. ಮಗು ಪಡಸಾಲೆಯಲ್ಲಿರುವಾಗಲೇ ಸಿಪಾಯಿ ಆ ಕೊಠಡಿಗೆ ಬೀಗ ಹಾಕುತ್ತಾನೆ. ಇಬ್ಬರದೂ ತಪ್ಪಲ್ಲ, ಆದರೂ ಮಗು ಬೀದಿಪಾಲು.

ಪರಿಹಾರ ಟೋಕನ್ನಿನಂಥದೇ. ಚೀಟಿ ಬರೆಯುವವರು ಎಷ್ಟು ಜನರಾದರೂ ಏಕಕಾಲಕ್ಕೆ ದಾಖಲೆ ನೋಡಬಹುದು. ಬೀಗ ಹಾಕುವವನು ಮಾತ್ರ ಅವರೆಲ್ಲ ಮುಗಿಸುವವರೆಗೆ ಕಾಯಬೇಕು. ಆದರೆ ಇಲ್ಲೊಂದು ಹೊಸ ಗಂಟು ಬಿಗಿಯುತ್ತದೆ. ಒಬ್ಬನ ಕೈಯಲ್ಲಿ ದಾಖಲೆ, ಅವನಿಗೆ ಬೇಕಾದದ್ದು ಬೀಗದ ಕೈ. ಇನ್ನೊಬ್ಬನ ಕೈಯಲ್ಲಿ ಬೀಗದ ಕೈ, ಅವನಿಗೆ ಬೇಕಾದದ್ದು ದಾಖಲೆ. ಇಬ್ಬರೂ ಬಿಡರು, ಶಾಲೆಯೇ ಸ್ತಬ್ಧ. ಇದನ್ನು ತಪ್ಪಿಸಲು 2013ರಲ್ಲಿ, ಪ್ರೊಸೆಸರು ಹೋದ ಮೇಲೆ ಗುಂಪಿನ ದಾಖಲೆಯನ್ನು ಸ್ವಲ್ಪ ತಡವಾಗಿ, ಬೇರೆಯಾಗಿ ತಿದ್ದುವ ಕ್ರಮ ಬಂದಿತು. 2024ರವರೆಗೆ ಉಳಿದಿದ್ದ ಈ ಕ್ರಮದಲ್ಲಿ, ಆ ತಡದ ಅವಧಿಯಲ್ಲಿ ದಾಖಲೆ ಹಳೆಯದೇ ಆಗಿರುತ್ತಿತ್ತು. ಅಷ್ಟರಲ್ಲಿ ಬಂದ ಕೆಲಸಕ್ಕೆ ಗುಂಪಿನ ಕೊಠಡಿ ಒಂದೂ ಸಿಗದಿದ್ದರೆ, ತೆರೆದಿರುವ ಯಾವುದಾದರೊಂದರಲ್ಲಿ ಕೂರಿಸುತ್ತಿದ್ದರು. ನಿಯಮಭಂಗವೇ ಹೌದು; ಆದರೆ ಕೆಲಸ ನಿಲ್ಲುವುದಕ್ಕಿಂತ ಇದು ಲೇಸೆಂಬುದು ನಮ್ಮ ಅಭಿಪ್ರಾಯವೂ ಆಗಿದೆ.

ನಮಗೆ ತುಂಬ ಹಿಡಿಸಿದ ತಿದ್ದುಪಡಿ ಬೇರೊಂದು. ಗಣಕವನ್ನು ನಿದ್ರೆಗೆ ಕಳುಹಿಸುವಾಗ ಒಂದನ್ನುಳಿದು ಎಲ್ಲ ಪ್ರೊಸೆಸರುಗಳನ್ನೂ ತೆಗೆಯಲಾಗುತ್ತದೆ. ಆಗ ಗುಂಪುಗಳ ದಾಖಲೆಯಿಂದ ಅವು ಅಳಿಸಿಹೋಗುತ್ತಿದ್ದವು; ಎಚ್ಚರವಾದ ಮೇಲೂ ಮರಳಿ ಸೇರುತ್ತಿರಲಿಲ್ಲ. 2012ರಲ್ಲಿ ಇದಕ್ಕೆ ಕಂಡುಕೊಂಡ ಮದ್ದು ಸರಳ: ನಿದ್ರೆಯ ವೇಳೆ ದಾಖಲೆಯನ್ನು ಮುಟ್ಟಲೇಬಾರದು. ದೀಪಾವಳಿ ರಜೆಗೆ ಊರಿಗೆ ಹೋದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಯಾರೂ ಹೊಡೆದುಹಾಕುವುದಿಲ್ಲವಷ್ಟೆ! ಪ್ರೊಸೆಸರುಗಳನ್ನು ತೆಗೆದು ಹಾಕುವ ಈ ಭಾಗದಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರರ ದುಡಿಮೆ ಸಾಕಷ್ಟಿದೆಯೆಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ದೋಷ ಸಾವಿರ ಬಾರಿ ನಡೆಸಿದರೆ ಒಮ್ಮೆ ತಲೆದೋರೀತು. ಹುಡುಕಲು ಕೂತಾಗ ಮರೆಯಾದೀತು. ಆದುದರಿಂದ ಎಂಜಿನಿಯರರು ಪ್ರೊಸೆಸರುಗಳನ್ನು ಮತ್ತೆ ಮತ್ತೆ ತೆಗೆದು ಸೇರಿಸುತ್ತ ಗಣಕವನ್ನು ರಾತ್ರಿಯಿಡೀ ಕಾಡುತ್ತಾರೆ. ಲಿನಕ್ಸ್ ಗಣಕದಲ್ಲಿ ಮೇಲ್ವಿಚಾರಕನ ಅಧಿಕಾರವಿದ್ದವರು ಪ್ರೊಸೆಸರಿನ 'ಆನ್‌ಲೈನ್' ಎಂಬ ಕಡತದಲ್ಲಿ 0 ಬರೆದರೆ ಅದು ಹೊರಗೆ, 1 ಬರೆದರೆ ಒಳಗೆ. ಒಂಬತ್ತನೆಯ ಇಯತ್ತೆಯ ಮಕ್ಕಳು ಗುರುಗಳ ಸಮ್ಮುಖದಲ್ಲಿ ಇದನ್ನು ಮಾಡಿ ನೋಡಬಹುದು. ಮೊದಲನೆಯ ಪ್ರೊಸೆಸರು ಮಾತ್ರ ಹಲವು ಗಣಕಗಳಲ್ಲಿ ಹೊರಬರಲು ಒಪ್ಪುವುದಿಲ್ಲ. ಏಕೆಂಬುದನ್ನು ಅವರೇ ಹುಡುಕಲಿ.